ಊರು ಮರಳಿ ಬಂದ ಹಜಾರ: ಹೆರಿಫರ್ಡ್‌ಶೈರಿನ ಹಳ್ಳಿ ಚರ್ಚುಗಳ ನಡುವೆ

ಇಂಗ್ಲೆಂಡಿನ ಪಶ್ಚಿಮದ ಅಂಚಿನಲ್ಲಿ, ವೇಲ್ಸಿನ ಬೆಟ್ಟಸಾಲಿಗೆ ತಾಗಿಕೊಂಡಿರುವ ಹೆರಿಫರ್ಡ್‌ಶೈರ್ ಆ ದೇಶದ ಅತಿ ವಿರಳ ಜನವಸತಿಯ ಕೌಂಟಿಗಳಲ್ಲಿ, ಅಂದರೆ ನಮ್ಮ ಜಿಲ್ಲೆಯನ್ನು ಹೋಲುವ ಆಡಳಿತ ವಿಭಾಗಗಳಲ್ಲಿ, ಒಂದು. ಸೇಬಿನ ರಸವನ್ನು ಹುಳಿಯಿಸಿ ಮಾಡುವ ಸೈಡರ್ ಎಂಬ ಪಾನೀಯಕ್ಕಾಗಿಯೇ ಬೆಳೆಸಿದ ತೋಟಗಳು, ಬಿಯರಿಗೆ ಕಹಿಯನ್ನು ಕೊಡುವ ಹಾಪ್ಸ್ ಬಳ್ಳಿಯ ಹೊಲಗಳು, ಬಿಳಿ ಮುಖದ ಕೆಂಪು ದನಗಳು, ಕಪ್ಪು ಮರದ ಚೌಕಟ್ಟುಗಳ ನಡುವೆ ಬಿಳಿಯ ಗಾರೆ ತುಂಬಿದ ಹಳೆಯ ಮನೆಗಳು ಈ ಸೀಮೆಯ ಗುರುತು. ಆದರೆ ಇಲ್ಲಿನ ಕಿರಿದಾದ ಹಾದಿಗಳಲ್ಲಿ ಸಂಚರಿಸುವವರಿಗೆ ಪ್ರತಿ ಹಳ್ಳಿಯಲ್ಲೂ ತಪ್ಪದೆ ಎದುರಾಗುವ ಕಟ್ಟಡವೆಂದರೆ ಚರ್ಚು. ಮನೆಗಳು ಮೂವತ್ತೋ ನಲವತ್ತೋ ಇರುವ ಊರಿನಲ್ಲೂ ಎಂಟು ಶತಮಾನಗಳ ಕಲ್ಲಿನ ಗೋಡೆ, ಓಕ್ ಮರದ ಮಾಡು ಮತ್ತು ಹುಲ್ಲು ಬೆಳೆದ ಸಮಾಧಿ ಅಂಗಳವನ್ನು ಹೊತ್ತ ಒಂದು ದೇವಾಲಯ ನಿಂತಿರುತ್ತದೆ. ಭಾನುವಾರದ ಆರಾಧನೆಗೆ ಬೆರಳೆಣಿಕೆಯ ಜನ ಮಾತ್ರ ಬರುವ ಇಂದಿನ ದಿನಗಳಲ್ಲಿ ಇಷ್ಟೊಂದು ಹಳೆಯ, ಇಷ್ಟೊಂದು ದೊಡ್ಡ ಕಟ್ಟಡಗಳನ್ನು ಯಾರು, ಯಾತಕ್ಕಾಗಿ, ಹೇಗೆ ಉಳಿಸಿಕೊಳ್ಳಬೇಕು ಎಂಬ ಪ್ರಶ್ನೆಗೆ ಈ ಸೀಮೆಯ ಕೆಲವು ಹಳ್ಳಿಗಳು ಕಂಡುಕೊಂಡ ಉತ್ತರವೇ ಈ ಪ್ರವಾಸದ ವಸ್ತು.

ಪ್ರಶ್ನೆಯ ಗಾತ್ರ ತಿಳಿಯದೆ ಉತ್ತರದ ಬೆಲೆ ತಿಳಿಯುವುದಿಲ್ಲ. ಇಂಗ್ಲೆಂಡಿನ ಅಧಿಕೃತ ಧರ್ಮಸಂಸ್ಥೆಯಾದ ಚರ್ಚ್ ಆಫ್ ಇಂಗ್ಲೆಂಡಿನ ವಶದಲ್ಲಿ ಸುಮಾರು 16,000 ಚರ್ಚು ಕಟ್ಟಡಗಳಿದ್ದು, ಅವುಗಳಲ್ಲಿ ನಾಲ್ಕನೇ ಮೂರಕ್ಕಿಂತ ಹೆಚ್ಚು ಕಟ್ಟಡಗಳು ಕಾನೂನಿನ ರಕ್ಷಣೆ ಪಡೆದ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿವೆ. ಅರ್ಧಕ್ಕಿಂತ ಹೆಚ್ಚು ಚರ್ಚುಗಳಿರುವುದು ಹಳ್ಳಿಗಾಡಿನಲ್ಲಿ. ರಾಜಮನೆತನದ ಆಶ್ರಯವಿರುವ ಸಂಸ್ಥೆಯಾದ್ದರಿಂದ ಸರಕಾರವೇ ಇವುಗಳನ್ನು ಸಾಕುತ್ತದೆ ಎಂದು ಹೊರಗಿನವರು ಭಾವಿಸುವುದುಂಟು, ಆದರೆ ವಾಸ್ತವ ಬೇರೆ. ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶವನ್ನು ಪ್ಯಾರಿಷ್ ಎನ್ನುತ್ತಾರೆ. ಆ ಪ್ಯಾರಿಷಿನ ಆಸ್ತಿವಂತರೆಲ್ಲ ಚರ್ಚಿನ ದುರಸ್ತಿಗಾಗಿ ಕಡ್ಡಾಯವಾಗಿ ಕಂದಾಯ ಕೊಡಬೇಕೆಂಬ ಪದ್ಧತಿ 1868ರ ಕಾಯಿದೆಯೊಂದಿಗೆ ಕೊನೆಗೊಂಡಿತು. ಅಲ್ಲಿಂದೀಚೆಗೆ ಮಾಡಿನ ಹೆಂಚು ಜಾರಿದರೂ ಗೋಡೆ ಬಿರಿದರೂ ಅದರ ಖರ್ಚು ಹೊರಬೇಕಾದವರು ಪ್ಯಾರಿಷ್ ಮಂಡಳಿ ಎಂಬ ಸ್ಥಳೀಯ ಸಮಿತಿಯಲ್ಲಿ ಕೂರುವ ಊರಿನ ಜನರೇ. ನಿವೃತ್ತ ಶಿಕ್ಷಕರು, ರೈತರು, ಗೃಹಿಣಿಯರು ಸೇರಿದ ಇಂಥ ಪುಟ್ಟ ಸಮಿತಿಗಳು ರಾಷ್ಟ್ರದ ಮಧ್ಯಯುಗದ ವಾಸ್ತುಸಂಪತ್ತಿನ ಬಹುಭಾಗವನ್ನು ತಮ್ಮ ಹೆಗಲ ಮೇಲೆ ಹೊತ್ತಿವೆ ಎಂಬುದು ಇಂಗ್ಲೆಂಡಿನ ಗ್ರಾಮೀಣ ಬದುಕಿನ ಹೊರಗೆ ಕಾಣದ ಸತ್ಯ.

ಕೌಂಟಿಯ ಉತ್ತರ ಭಾಗದ ಸಂತೆಪಟ್ಟಣವಾದ ಲೆಮ್‌ಸ್ಟರ್‌ನಿಂದ ವಾಯವ್ಯಕ್ಕೆ ಕೆಲವು ಕಿಲೋಮೀಟರು ಸಾಗಿದರೆ ಯಾರ್ಪೋಲ್ ಎಂಬ ಹಳ್ಳಿ ಸಿಗುತ್ತದೆ. ಇಲ್ಲಿನ ಸಂತ ಲಿಯೊನಾರ್ಡನ ಚರ್ಚಿನ ಅಂಗಳಕ್ಕೆ ಕಾಲಿಟ್ಟವರ ಕಣ್ಣು ಮೊದಲು ನಿಲ್ಲುವುದು ಚರ್ಚಿನ ಮೇಲಲ್ಲ, ಅದರ ಪಕ್ಕದಲ್ಲಿ ಬೇರೆಯಾಗಿಯೇ ನಿಂತಿರುವ ಗಂಟೆಗೋಪುರದ ಮೇಲೆ. ಚರ್ಚಿನ ಗೋಡೆಗೆ ಅಂಟಿಕೊಳ್ಳದೆ ಪ್ರತ್ಯೇಕವಾಗಿ ಕಟ್ಟಿದ ಗಂಟೆಗೋಪುರಗಳು ಇಂಗ್ಲೆಂಡಿನಲ್ಲಿ ಅಪರೂಪವಾಗಿದ್ದು, ಹೆರಿಫರ್ಡ್‌ಶೈರಿನಲ್ಲಿ ಮಾತ್ರ ಅಂಥವು ಏಳು ಇವೆ. ಯಾರ್ಪೋಲಿನ ಗೋಪುರದ ಕೆಳಭಾಗ ದಪ್ಪ ಕಲ್ಲಿನದು. ಒಳಗೆ ಭಾರಿ ಗಾತ್ರದ ಓಕ್ ಕಂಬಗಳು ಗಂಟೆಗಳ ಭಾರವನ್ನು ನೇರವಾಗಿ ನೆಲಕ್ಕೆ ಇಳಿಸುತ್ತವೆ. ಮರದ ವಾರ್ಷಿಕ ಉಂಗುರಗಳನ್ನು ಅಳೆದು ಹೋಲಿಸಿ ಅದನ್ನು ಕಡಿದ ಕಾಲವನ್ನು ನಿರ್ಣಯಿಸುವ ವಿಧಾನದಿಂದ ಈ ಕಂಬಗಳು 12ನೆಯ ಶತಮಾನದ ಕೊನೆಯವೆಂದು ತಿಳಿದುಬಂದಿದೆ. ಗೋಪುರಕ್ಕಿಂತ ಈಚಿನದಾದ ಚರ್ಚು 14ನೆಯ ಶತಮಾನದ್ದಾಗಿದ್ದು, ವಿಕ್ಟೋರಿಯಾ ಕಾಲದ ಪ್ರಸಿದ್ಧ ವಾಸ್ತುಶಿಲ್ಪಿ ಜಾರ್ಜ್ ಗಿಲ್ಬರ್ಟ್ ಸ್ಕಾಟ್ 1864ರಲ್ಲಿ ಅದನ್ನು ಜೀರ್ಣೋದ್ಧಾರ ಮಾಡಿದ.

ಈ ಹಳ್ಳಿಯ ಹೆಸರು ಹೊರಗೆ ಹರಡಿದ್ದು ಮಾತ್ರ ಗೋಪುರದಿಂದಲ್ಲ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಕಳೆದ ಕೆಲವು ದಶಕಗಳಿಂದ ದಿನಸಿ ಅಂಗಡಿ, ಅಂಚೆ ಕಚೇರಿ, ಶಾಲೆ, ಪಬ್ ಎಂಬ ನಾಲ್ಕು ಆಸರೆಗಳು ಒಂದೊಂದಾಗಿ ಕುಸಿಯುತ್ತ ಬಂದಿವೆ. 2007ರಿಂದ 2009ರವರೆಗೆ ನಡೆದ ಒಂದೇ ಸರಕಾರಿ ಕಾರ್ಯಕ್ರಮದಡಿ ದೇಶದಾದ್ಯಂತ ಸುಮಾರು 2,500 ಅಂಚೆ ಕಚೇರಿಗಳು ಮುಚ್ಚಿದವು. ಯಾರ್ಪೋಲಿನಲ್ಲೂ ಅಂಗಡಿ ಮುಚ್ಚಿದಾಗ ಊರಿನವರು ತಾವೇ ಸಂಘ ಕಟ್ಟಿಕೊಂಡು, ಮೊದಲು ಒಂದು ತಾತ್ಕಾಲಿಕ ಕೊಠಡಿಯಲ್ಲಿ ಅಂಗಡಿಯನ್ನು ನಡೆಸಿದರು. ಊರಿಗೆ ಅಂಗಡಿಯಿದ್ದರೂ ಅದಕ್ಕೊಂದು ಶಾಶ್ವತ ಸೂರಿರಲಿಲ್ಲ, ಚರ್ಚಿಗೆ ಸೂರಿದ್ದರೂ ವಾರದ ಆರು ದಿನ ಅದರ ಕೆಳಗೆ ಜನರಿರಲಿಲ್ಲ. ಈ ಎರಡು ಕೊರತೆಗಳನ್ನು ಜೋಡಿಸಿದಾಗ ಒಂದು ಪರಿಹಾರ ಹುಟ್ಟಿತು. 2009ರಲ್ಲಿ ಅಂಗಡಿ ಮತ್ತು ಅಂಚೆ ಕಚೇರಿ ಎರಡೂ ಚರ್ಚಿನ ಒಳಕ್ಕೆ ಬಂದವು. ಆರಾಧನೆ ನಡೆಯುತ್ತಿರುವ ಚರ್ಚಿನೊಳಗೆ ದಿನವಿಡೀ ತೆರೆದಿರುವ ಹಳ್ಳಿ ಅಂಗಡಿ ಮತ್ತು ಅಂಚೆ ಕಚೇರಿ ಒಟ್ಟಿಗೆ ನೆಲೆಗೊಂಡ ಮೊದಲ ಉದಾಹರಣೆಗಳಲ್ಲಿ ಯಾರ್ಪೋಲನ್ನು ಹೆಸರಿಸುತ್ತಾರೆ.

ಒಳಗಿನ ಏರ್ಪಾಡನ್ನು ಗಮನಿಸಿದರೆ ಅದರ ಹಿಂದಿನ ವಿವೇಕ ಅರಿವಾಗುತ್ತದೆ. ಚರ್ಚಿನ ಪೂರ್ವದ ತುದಿ, ಅಂದರೆ ಬಲಿಪೀಠವಿರುವ ಭಾಗ, ಆರಾಧನೆಗೆ ಮೀಸಲಾಗಿಯೇ ಉಳಿದಿದೆ. ಪಶ್ಚಿಮದ ತುದಿಯಲ್ಲಿ ಅಂಗಡಿ ಇದ್ದು, ಅದರ ಮೇಲೆ ನಿಲ್ಲಿಸಿದ ಅಟ್ಟದಂಥ ಗ್ಯಾಲರಿಯಲ್ಲಿ ಚಹಾ ಕಾಫಿ ಸಿಗುವ ಪುಟ್ಟ ಉಪಾಹಾರ ಗೃಹವಿದೆ. ಕದಲದ ಉದ್ದನೆಯ ಬೆಂಚುಗಳ ಜಾಗದಲ್ಲಿ ಬೇಕಾದಂತೆ ಸರಿಸಬಹುದಾದ ಕುರ್ಚಿಗಳು ಬಂದಿರುವುದರಿಂದ, ಭಾನುವಾರ ಪ್ರಾರ್ಥನೆ ನಡೆಯುವ ಜಾಗವೇ ಇನ್ನೊಂದು ದಿನ ಸಂಗೀತ ಕಛೇರಿಗೋ ಊರಿನ ಸಭೆಗೋ ಒದಗುತ್ತದೆ. ಅಂಗಡಿಯ ಕೆಲಸದಲ್ಲಿ ಊರಿನ ಸ್ವಯಂಸೇವಕರ ಪಾಲು ದೊಡ್ಡದು. ಬ್ರೆಡ್ಡು ಕೊಳ್ಳಲು ಬಂದ ವೃದ್ಧರೊಬ್ಬರು ಪರಿಚಯದವರೊಡನೆ ಒಂದು ಗಳಿಗೆ ಕುಳಿತು ಮಾತಾಡಿ ಹೋಗುವುದು, ಧರ್ಮದಲ್ಲಿ ಆಸಕ್ತಿಯಿಲ್ಲದ ಯುವಕರೂ ಪಾರ್ಸೆಲ್ಲು ಕಳಿಸಲು ಬಂದು ಪುರಾತನ ಕಮಾನುಗಳ ಕೆಳಗೆ ಸಾಲು ನಿಲ್ಲುವುದು, ದಿನನಿತ್ಯ ಯಾರಾದರೊಬ್ಬರು ಇರುವುದರಿಂದ ಮಾಡು ಸೋರಿದರೆ ಅದೇ ದಿನ ಕಣ್ಣಿಗೆ ಬೀಳುವುದು, ಇವೆಲ್ಲವೂ ಒಂದೇ ವ್ಯವಸ್ಥೆಯ ಫಲಗಳು.

ದೇವರ ಮನೆಯಲ್ಲಿ ವ್ಯಾಪಾರ ನಡೆಯುವುದು ಸರಿಯೇ ಎಂಬ ಆಕ್ಷೇಪ ಸಹಜವಾದದ್ದು, ಅದನ್ನು ಗೌರವದಿಂದಲೇ ಪರಿಶೀಲಿಸಬೇಕು. ಮಧ್ಯಯುಗದ ಇಂಗ್ಲಿಷ್ ಹಳ್ಳಿ ಚರ್ಚಿನಲ್ಲಿ ಎರಡು ಮುಖ್ಯ ಭಾಗಗಳಿದ್ದವು. ಪೂರ್ವದಲ್ಲಿ ಬಲಿಪೀಠವಿರುವ ಕಿರಿದಾದ ಭಾಗಕ್ಕೆ ಚಾನ್ಸೆಲ್ ಎಂದೂ, ಪಶ್ಚಿಮದಲ್ಲಿ ಜನ ಸೇರುವ ವಿಶಾಲ ಹಜಾರಕ್ಕೆ ನೇವ್ ಎಂದೂ ಹೆಸರು. ನಮ್ಮ ದೇಗುಲಗಳ ಗರ್ಭಗುಡಿ ಮತ್ತು ನವರಂಗಗಳ ಸಂಬಂಧವನ್ನು ನೆನೆದರೆ ಈ ವಿಂಗಡಣೆ ಕನ್ನಡ ಓದುಗರಿಗೆ ಸುಲಭವಾಗಿ ಮನವರಿಕೆಯಾಗುತ್ತದೆ. ಚಾನ್ಸೆಲ್ಲಿನ ದುರಸ್ತಿ ಪಾದ್ರಿಯ ಹೊಣೆ, ನೇವಿನ ದುರಸ್ತಿ ಊರಿನವರ ಹೊಣೆ ಎಂಬ ಪದ್ಧತಿ ಬೇರೂರಿತ್ತು. ಹೊಣೆ ಹೊತ್ತವರು ಜಾಗವನ್ನು ಬಳಸಿಕೊಂಡರು ಕೂಡ. ಕದಲದ ಬೆಂಚುಗಳು ಸಾಮಾನ್ಯವಾಗುವ ಮೊದಲು ತೆರೆದ ನೆಲವಾಗಿದ್ದ ಆ ಹಜಾರದಲ್ಲಿ ಊರಿನ ಪಂಚಾಯಿತಿಗಳು ಸೇರುತ್ತಿದ್ದವು, ಮುಖಮಂಟಪದಲ್ಲಿ ಮಕ್ಕಳಿಗೆ ಅಕ್ಷರ ಕಲಿಸಲಾಗುತ್ತಿತ್ತು, ಹಲವು ಬೀಗಗಳ ಮರದ ಪೆಟ್ಟಿಗೆಯಲ್ಲಿ ಊರಿನ ದಾಖಲೆಗಳು ಭದ್ರವಾಗಿರುತ್ತಿದ್ದವು. ಸಫೊಕ್ ಕೌಂಟಿಯ ಮೆಂಡಲ್‌ಷಮ್ ಚರ್ಚಿನ ಮುಖಮಂಟಪದ ಮೇಲಿನ ಕೋಣೆಯಲ್ಲಿ ಊರಿನ ರಕ್ಷಣೆಗೆ ಇಟ್ಟುಕೊಂಡಿದ್ದ ಕವಚ ಮತ್ತು ಆಯುಧಗಳು ಇಂದಿಗೂ ಉಳಿದಿವೆ. ಊರಿನವರೇ ಬಿಯರು ಕುದಿಸಿ ಹಬ್ಬ ಮಾಡಿ, ಬಂದ ಲಾಭವನ್ನು ಚರ್ಚಿನ ದುರಸ್ತಿಗೆ ಕೊಡುವ ವಾಡಿಕೆಯೂ ಇತ್ತು.

ಈ ಬಳಕೆ ಎಷ್ಟು ವ್ಯಾಪಕವಾಗಿತ್ತು ಎಂಬುದಕ್ಕೆ ಅದನ್ನು ತಡೆಯಲು ಹೊರಟ ನಿಯಮಗಳೇ ಸಾಕ್ಷಿ. ಚರ್ಚಿನ ಅಂಗಳದಲ್ಲಿ ಸಂತೆ ಜಾತ್ರೆಗಳನ್ನು ನಡೆಸಕೂಡದೆಂದು 1285ರ ವಿಂಚೆಸ್ಟರ್ ಶಾಸನ ವಿಧಿಸಿತು. ಚರ್ಚಿನೊಳಗೆ ನಾಟಕ, ಔತಣ, ಲೌಕಿಕ ನ್ಯಾಯಾಲಯ, ಸೈನಿಕರ ಹಾಜರಿ ಇವು ಯಾವುವೂ ನಡೆಯಕೂಡದೆಂದು 1604ರ ಧರ್ಮನಿಯಮಗಳು ಪಟ್ಟಿ ಮಾಡಿ ಹೇಳಿದವು. ನಡೆಯದ ಸಂಗತಿಯನ್ನು ನಿಷೇಧಿಸುವ ಅಗತ್ಯ ಬೀಳುವುದಿಲ್ಲ. ಆಮೇಲಿನ ಶತಮಾನಗಳಲ್ಲಿ ಹಜಾರದ ತುಂಬ ಬೆಂಚುಗಳು ಬಂದು, 19ನೆಯ ಶತಮಾನದ ಜೀರ್ಣೋದ್ಧಾರಗಳಲ್ಲಿ ಅವು ಸಾಲುಸಾಲಾಗಿ ನೆಲಕ್ಕೆ ಬಿಗಿದುಕೊಂಡವು; ಮೊದಲನೆಯ ಮಹಾಯುದ್ಧದ ನಂತರ ಹಳ್ಳಿಹಳ್ಳಿಗಳಲ್ಲಿ ಎದ್ದ ಪ್ರತ್ಯೇಕ ಸಮುದಾಯ ಭವನಗಳು ಊರಿನ ಚಟುವಟಿಕೆಯನ್ನು ತಮ್ಮ ಕಡೆಗೆ ಸೆಳೆದುಕೊಂಡವು. ಹೀಗೆ ಚರ್ಚು ಭಾನುವಾರದ ಮನೆಯಾಗಿ ಕುಗ್ಗಿದ್ದು ಅದರ ದೀರ್ಘ ಇತಿಹಾಸದ ಕೊನೆಯ ಅಧ್ಯಾಯಗಳಲ್ಲಿ ಮಾತ್ರ. ಆದುದರಿಂದ ಯಾರ್ಪೋಲಿನಲ್ಲಿ ನಡೆದದ್ದು ಸಂಪ್ರದಾಯದ ಉಲ್ಲಂಘನೆಯಲ್ಲ. ಕಡಿದುಹೋಗಿದ್ದ ಸಂಪ್ರದಾಯವೊಂದರ ಪುನರಾರಂಭ.

ಯಾರ್ಪೋಲಿನಿಂದ ಉತ್ತರಕ್ಕೆ ಕೆಲವೇ ಕಿಲೋಮೀಟರುಗಳಾಚೆ, ನಾರ್ಮನ್ ಕೋಟೆಯ ಅವಶೇಷಗಳ ಪಕ್ಕದ ದಿಬ್ಬದ ಮೇಲೆ ರಿಚರ್ಡ್ಸ್ ಕ್ಯಾಸಲ್‌ನ ಸಂತ ಬಾರ್ತೊಲೊಮ್ಯೂವಿನ ಚರ್ಚು ನಿಂತಿದೆ. ಇಲ್ಲೂ ಗಂಟೆಗೋಪುರ ಬೇರೆಯಾಗಿದೆ. ಎತ್ತರದ ಹಲಗೆಗಳಿಂದ ಆವೃತವಾದ ಪೆಟ್ಟಿಗೆಯಾಕಾರದ ಹಳೆಯ ಆಸನಗಳು ಒಳಗೆ ಹಾಗೆಯೇ ಇವೆ. ಆದರೆ ಜನವಸತಿ ದಿಬ್ಬದಿಂದ ಕೆಳಗೆ ಸರಿದು, 1890ರ ದಶಕದ ಆರಂಭದಲ್ಲಿ ರಿಚರ್ಡ್ ನಾರ್ಮನ್ ಶಾ ಎಂಬ ವಾಸ್ತುಶಿಲ್ಪಿಯ ವಿನ್ಯಾಸದಲ್ಲಿ ಹೊಸ ಚರ್ಚು ಎದ್ದ ಮೇಲೆ ಹಳೆಯದಕ್ಕೆ ದಿನನಿತ್ಯದ ಕೆಲಸ ಉಳಿಯಲಿಲ್ಲ. ಈಗ ಅದನ್ನು ನೋಡಿಕೊಳ್ಳುತ್ತಿರುವುದು ಚರ್ಚಸ್ ಕನ್ಸರ್ವೇಶನ್ ಟ್ರಸ್ಟ್. ಆರಾಧನೆಗೆ ಅಗತ್ಯವಿಲ್ಲವೆಂದು ಬಿಟ್ಟುಕೊಟ್ಟ, ಆದರೆ ಕಳೆದುಕೊಳ್ಳಬಾರದಷ್ಟು ಮಹತ್ವದ ಚರ್ಚುಗಳನ್ನು ಕಾಪಾಡಲು 1969ರಲ್ಲಿ ಬೇರೆ ಹೆಸರಿನಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಆಶ್ರಯದಲ್ಲಿ ಇಂದು 350ಕ್ಕೂ ಹೆಚ್ಚು ಚರ್ಚುಗಳಿವೆ. ಕಲ್ಲು ಮರಗಳ ದೃಷ್ಟಿಯಿಂದ ಈ ರಕ್ಷಣೆ ಅಮೂಲ್ಯವಾದದ್ದು. ಆದರೂ ಯಾರ್ಪೋಲಿನ ಗದ್ದಲವನ್ನು ಕಂಡು ಇಲ್ಲಿಗೆ ಬಂದವರಿಗೆ, ಕಾಪಾಡಲ್ಪಟ್ಟ ಕಟ್ಟಡಕ್ಕೂ ಬಾಳುತ್ತಿರುವ ಕಟ್ಟಡಕ್ಕೂ ಇರುವ ಅಂತರ ಸ್ಪಷ್ಟವಾಗುತ್ತದೆ.

ಆಶ್ರಯವನ್ನೇ ಕಳೆದುಕೊಂಡರೆ ಏನಾಗುತ್ತದೆ ಎಂಬುದನ್ನು ಅದೇ ಸೀಮೆಯ ಶಾಬ್ಡನ್ ಎಂಬ ಹಳ್ಳಿ ತೋರಿಸುತ್ತದೆ. 12ನೆಯ ಶತಮಾನದಲ್ಲಿ ಈ ಕೌಂಟಿಯಲ್ಲಿ ಅರಳಿದ ಶಿಲ್ಪಪಂಥವೊಂದು ಕಿಲ್ಪೆಕ್ ಎಂಬ ಹಳ್ಳಿಯ ಕೆಂಪು ಮರಳುಗಲ್ಲಿನ ಚರ್ಚಿನಲ್ಲಿ ಬಳ್ಳಿ, ಸರ್ಪ, ಯೋಧರ ಅದ್ಭುತ ಕೆತ್ತನೆಗಳನ್ನು ಬಿಟ್ಟುಹೋಗಿದ್ದು, ಅವು ಇಂದಿಗೂ ನಿಚ್ಚಳವಾಗಿವೆ. ಅದೇ ಪಂಥದ ಶಿಲ್ಪಗಳಿದ್ದ ಶಾಬ್ಡನ್ನಿನ ಚರ್ಚನ್ನು 18ನೆಯ ಶತಮಾನದ ನಡುವಿನಲ್ಲಿ ಅಲ್ಲಿನ ಜಮೀನ್ದಾರರು ಕೆಡವಿ, ಆ ಕಾಲದ ಹೊಸ ಅಭಿರುಚಿಗೆ ಒಪ್ಪುವ ಚರ್ಚನ್ನು ಕಟ್ಟಿಸಿ, ಹಳೆಯ ಕಮಾನುಗಳನ್ನು ದೂರದ ನೋಟಕ್ಕೆ ಅಲಂಕಾರವಾಗಲೆಂದು ದಿಬ್ಬದ ಮೇಲೆ ಬಯಲಿನಲ್ಲಿ ನಿಲ್ಲಿಸಿದರು. ಒಳಗೆ ಮಾಡಿನ ಕೆಳಗಿರಬೇಕಾದ ಮೆದು ಕಲ್ಲು ಮಳೆ ಹಿಮಗಳಿಗೆ ಒಡ್ಡಿಕೊಂಡು ಸವೆಯಿತು, 1852ರಲ್ಲಿ ಜಿ. ಆರ್. ಲೂಯಿಸ್ ಪ್ರಕಟಿಸಿದ ಚಿತ್ರಗಳಲ್ಲಿ ಕಾಣುವ ಎಷ್ಟೋ ಆಕೃತಿಗಳು ಈಗ ಗುರುತಿಗೂ ಸಿಗುವುದಿಲ್ಲ. ಉಪಯೋಗದಿಂದ ಬಿಡಿಸಿ ಕೇವಲ ನೋಟಕ್ಕೆ ಇಟ್ಟ ಕಲ್ಲು ಕೊನೆಗೆ ನೋಟಕ್ಕೂ ಉಳಿಯಲಿಲ್ಲ.

ದಕ್ಷಿಣಕ್ಕೆ ತಿರುಗುವ ಹಾದಿಯಲ್ಲಿ ಪೆಂಬ್ರಿಜ್ಜಿನ ಎಂಟು ಮುಖದ ಕಲ್ಲಿನ ತಳದ ಮೇಲೆ ಮೂರು ಹಂತವಾಗಿ ಏರುವ ಮರದ ಗಂಟೆಗೋಪುರವನ್ನು ದಾಟಿ, ಡೋರ್ ನದಿ ಹರಿಯುವ ಗೋಲ್ಡನ್ ವ್ಯಾಲಿ ಕಣಿವೆಗೆ ಇಳಿದರೆ ಪೀಟರ್‌ಚರ್ಚ್ ಎಂಬ ಹಳ್ಳಿ ಬರುತ್ತದೆ. ಇಲ್ಲಿನ ಸಂತ ಪೀಟರನ ಚರ್ಚು 12ನೆಯ ಶತಮಾನದ್ದು. ಒಂದರ ಹಿಂದೊಂದು ಬರುವ ನಾರ್ಮನ್ ಶೈಲಿಯ ಅರೆವೃತ್ತದ ಕಮಾನುಗಳು ನೋಟವನ್ನು ಹಂತಹಂತವಾಗಿ ಪೂರ್ವದ ಅರ್ಧವೃತ್ತಾಕಾರದ ಕೋಣೆಯವರೆಗೆ ಒಯ್ಯುತ್ತವೆ. ಶಿಥಿಲಗೊಂಡಿದ್ದ ಕಲ್ಲಿನ ಶಿಖರವನ್ನು 20ನೆಯ ಶತಮಾನದ ಮಧ್ಯದಲ್ಲಿ ಇಳಿಸಿದ ಮೇಲೆ ಊರಿನವರು 1972ರಲ್ಲಿ ಫೈಬರ್‌ಗ್ಲಾಸಿನ ಹಗುರ ಶಿಖರವೊಂದನ್ನು ಏರಿಸಿದರು. ಪಾರಂಪರಿಕ ಕಟ್ಟಡಕ್ಕೆ ಕೃತಕ ವಸ್ತುವೇ ಎಂದು ಹುಬ್ಬೇರಿಸುವವರಿದ್ದರೂ, ಕಣಿವೆಯುದ್ದಕ್ಕೂ ಕಾಣಬೇಕಾದ ಶಿಖರವಿಲ್ಲದೆ ಊರು ಇರಕೂಡದೆಂಬ ಹಟ ಅದರ ಹಿಂದಿದೆ. ಅದೇ ಹಟ ಈ ಶತಮಾನದಲ್ಲಿ ಚರ್ಚಿನ ಒಳಗನ್ನು ಸಮುದಾಯ ಕೇಂದ್ರವಾಗಿ ರೂಪಿಸಿತು. ಗ್ರಂಥಾಲಯ, ಅಡುಗೆಮನೆ, ಎಳೆಯ ಮಕ್ಕಳಿಗೂ ತಾಯಂದಿರಿಗೂ ಮೀಸಲಾದ ಸೇವೆಗಳು ಒಂದೇ ಸೂರಿನಡಿ ಬಂದಿದ್ದು, ಚದುರಿದ ಹೊಲಮನೆಗಳಿಂದ ಕೂಡಿದ ಕಣಿವೆಯ ಜನ ದೂರದ ಪಟ್ಟಣದವರೆಗೆ ಹೋಗದೆ ಒಬ್ಬರನ್ನೊಬ್ಬರು ಕಾಣುವ ಜಾಗ ಉಂಟಾಯಿತು.

ಇಂಥ ಬದಲಾವಣೆಗಳು ಮನಬಂದಂತೆ ನಡೆಯುವುದಿಲ್ಲ. ಚರ್ಚಿನ ಒಳಗೆ ಒಂದು ಬೆಂಚನ್ನು ಕದಲಿಸಬೇಕಾದರೂ ಧಾರ್ಮಿಕ ನ್ಯಾಯಾಲಯ ಕೊಡುವ ಫ್ಯಾಕಲ್ಟಿ ಎಂಬ ಅನುಮತಿ ಬೇಕು; ಬಿಷಪ್ಪರ ಆಡಳಿತ ವಲಯವಾದ ಡಯಾಸಿಸ್‌ನ ಸಲಹಾ ಸಮಿತಿ ಯೋಜನೆಯನ್ನು ಪರಿಶೀಲಿಸುತ್ತದೆ, ಪರಂಪರೆಯ ರಕ್ಷಣೆಗೆ ನಿಂತ ಸಂಘಗಳು ಅಭಿಪ್ರಾಯ ಹೇಳುತ್ತವೆ, ಆಗುವ ಹಾನಿಗಿಂತ ಊರಿಗೆ ಸಿಗುವ ಒಳಿತು ಹೆಚ್ಚೆಂದು ಅರ್ಜಿದಾರರು ತೋರಿಸಿಕೊಡಬೇಕಾಗುತ್ತದೆ. ಕಟ್ಟಡ ಒಟ್ಟಾರೆಯಾಗಿ ಆರಾಧನಾ ಸ್ಥಳವಾಗಿಯೇ ಮುಂದುವರಿಯುವುದಾದರೆ ಅದರ ಒಂದು ಭಾಗವನ್ನು ಬೇರೆ ಬಳಕೆಗೆ ಗುತ್ತಿಗೆ ಕೊಡಬಹುದೆಂದು 2006ರ ತಿದ್ದುಪಡಿ ಅವಕಾಶ ಮಾಡಿಕೊಟ್ಟಿತು. ದುರಸ್ತಿಯ ನೀತಿಯ ಹಿಂದೆ ವಿಲಿಯಂ ಮಾರಿಸ್ 1877ರಲ್ಲಿ ಸ್ಥಾಪಿಸಿದ ಪುರಾತನ ಕಟ್ಟಡಗಳ ರಕ್ಷಣಾ ಸಂಘದ ವಿಚಾರವಿದೆ: ಹಳೆಯದನ್ನು ಕೆರೆದು ಹೊಸದಾಗಿಸಬಾರದು, ಸವೆದಷ್ಟನ್ನೇ ಸರಿಪಡಿಸಬೇಕು. ಹಳೆಯ ಗೋಡೆಗೆ ಸಿಮೆಂಟು ಬಳಿದರೆ ಒಳಗಿನ ತೇವ ಹೊರಬರಲಾರದೆ ಕಲ್ಲನ್ನೇ ಪುಡಿ ಮಾಡುತ್ತದೆ, ಸುಣ್ಣದ ಗಾರೆಯಾದರೋ ತೇವವನ್ನು ಹೊರಗೆ ಬಿಡುತ್ತದೆ ಎಂಬ ಸರಳ ತಿಳಿವಳಿಕೆ ಇಲ್ಲಿ ನಿಯಮವಾಗಿ ನಿಂತಿದೆ. ಹೊಸದಾಗಿ ಸೇರಿಸಿದ ಅಂಗಡಿಯೋ ಅಟ್ಟವೋ ಹಳೆಯ ಗೋಡೆಗೆ ಗಾಯ ಮಾಡದೆ ಮುಂದೊಂದು ದಿನ ತೆಗೆಯಲು ಬರುವಂತಿರಬೇಕೆಂಬುದು ಅದೇ ವಿವೇಕದ ಇನ್ನೊಂದು ಮುಖ.

ಈ ಮಾರ್ಗಕ್ಕೆ ಮಿತಿಗಳೂ ಇವೆ. ಮನೆಗಳಿಂದ ದೂರ ಹೊಲಗಳ ನಡುವೆ ಒಂಟಿಯಾಗಿ ನಿಂತ ಚರ್ಚಿನಲ್ಲಿ ಅಂಗಡಿ ತೆರೆದರೆ ಬರುವವರಿಲ್ಲ. ನೀರಿನ ಕೊಳವೆಯಾಗಲಿ ಶೌಚಾಲಯವಾಗಲಿ ಇಲ್ಲದ ಕಟ್ಟಡಕ್ಕೆ ಅವನ್ನು ತರುವುದೇ, ಅಡಿಗಡಿಗೆ ಹಳೆಯ ಸಮಾಧಿಗಳಿರುವ ನೆಲದಲ್ಲಿ, ದೊಡ್ಡ ಕೆಲಸ. ಎಲ್ಲವನ್ನೂ ಹೊತ್ತು ನಡೆಸುವ ಸ್ವಯಂಸೇವಕರಿಗೆ ವಯಸ್ಸಾಗುತ್ತಿದೆ. ಸರಕಾರಕ್ಕಾಗಿ ಸಿದ್ಧವಾಗಿ 2017ರ ಡಿಸೆಂಬರಿನಲ್ಲಿ ಪ್ರಕಟವಾದ ಟೇಲರ್ ವರದಿ ಈ ತೊಂದರೆಗಳನ್ನು ಗುರುತಿಸಿ, ಕಟ್ಟಡದ ದುರಸ್ತಿಗೆ ಸಲಹೆ ಕೊಡುವ ತಜ್ಞರ ಜೊತೆಗೆ ಸಮುದಾಯವನ್ನು ಚರ್ಚಿನೊಡನೆ ಬೆಸೆಯಲು ನೆರವಾಗುವ ಸಲಹೆಗಾರರೂ ಬೇಕೆಂದು ಶಿಫಾರಸು ಮಾಡಿತು. ಸಫೊಕ್ ಮತ್ತು ಗ್ರೇಟರ್ ಮ್ಯಾಂಚೆಸ್ಟರಿನಲ್ಲಿ ಅದರ ಪ್ರಯೋಗವೂ ನಡೆಯಿತು. ಕಲ್ಲಿನ ತಜ್ಞರಷ್ಟೇ ಜನರ ನಡುವೆ ಕೆಲಸ ಮಾಡುವವರೂ ಮುಖ್ಯ ಎಂಬ ಈ ತಿಳಿವಳಿಕೆ ಆ ವರದಿಯ ಅತ್ಯಂತ ಮೌಲಿಕ ಅಂಶ.

ಕರ್ನಾಟಕದ ಓದುಗರಿಗೆ ಇದೇ ಮಾತಿನ ಇನ್ನೊಂದು ಮುಖ ಹಾಸನ ಜಿಲ್ಲೆಯಲ್ಲಿ ಕಾಣಸಿಗುತ್ತದೆ. 19ನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಶೆಟ್ಟಿಹಳ್ಳಿಯಲ್ಲಿ ಕಟ್ಟಿಸಿದ ಗಾಥಿಕ್ ಶೈಲಿಯ ಚರ್ಚು, ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದು ಸುತ್ತಲಿನ ಜನವಸತಿ ಸ್ಥಳಾಂತರಗೊಂಡ ಮೇಲೆ ಮಳೆಗಾಲದಲ್ಲಿ ಹಿನ್ನೀರಿನಲ್ಲಿ ಮುಳುಗಿ ಬೇಸಿಗೆಯಲ್ಲಿ ಮತ್ತೆ ಹೊರಗೆ ಕಾಣುವ ಮಾಡಿಲ್ಲದ ಅವಶೇಷವಾಗಿ ಉಳಿದಿದೆ. ಛಾಯಾಚಿತ್ರ ತೆಗೆಯಲು ಬರುವವರಿಗೆ ಅದು ಸುಂದರ ದೃಶ್ಯ. ಆದರೆ ನೀರು ಮುಳುಗಿಸಿದ್ದು ಗೋಡೆಗಳನ್ನಷ್ಟೇ ಅಲ್ಲ, ಆ ಗೋಡೆಗಳನ್ನು ತಮ್ಮವೆಂದು ವರ್ಷವರ್ಷವೂ ಸುಣ್ಣ ಬಳಿದು ಕಾಯಬೇಕಾಗಿದ್ದ ಊರಿನ ಸಂಬಂಧವನ್ನೂ ಹೌದು. ಜನ ಹೋದ ಮೇಲೆ ಬರುವ ಪ್ರೇಕ್ಷಕರು ಎಷ್ಟೇ ಇದ್ದರೂ ಆ ಸಂಬಂಧವನ್ನು ತುಂಬಿಕೊಡಲಾರರು.

ಹೆರಿಫರ್ಡ್‌ಶೈರಿನ ಹಳ್ಳಿಗಳು ಕಲಿಸುವ ಪಾಠ ಇಷ್ಟು: ಹಳೆಯ ಕಟ್ಟಡವನ್ನು ಅನುದಾನ ಒಂದು ಸಲ ದುರಸ್ತಿ ಮಾಡಬಲ್ಲದು, ಕಾನೂನು ಕೆಡವದಂತೆ ತಡೆಯಬಲ್ಲದು, ಆದರೆ ತಲೆಮಾರಿನಿಂದ ತಲೆಮಾರಿಗೆ ಅದನ್ನು ದಾಟಿಸುವುದು ವಾರದ ಎಲ್ಲ ದಿನವೂ ಅದರ ಅಗತ್ಯವಿರುವ ಊರು ಮಾತ್ರ. ಚರ್ಚಾಗಲಿ, ಗುಡಿಯಾಗಲಿ, ಬಸದಿಯಾಗಲಿ, ಹಳೆಯ ಶಾಲೆಯಾಗಲಿ, ಅದನ್ನು ಉಳಿಸಬೇಕೆನ್ನುವವರು ಎಂಜಿನಿಯರನ್ನು ಕರೆಸುವ ಮೊದಲು ಊರಿನವರನ್ನು ಕೂಡಿಸಿ, ನಿಮಗೆ ಈ ಸೂರಿನ ಕೆಳಗೆ ಏನು ಬೇಕು ಎಂದು ಕೇಳಬೇಕು; ಬಂದ ಉತ್ತರವನ್ನು ಕಟ್ಟಡಕ್ಕೆ ಗಾಯವಾಗದಂತೆ, ಅದರ ಪಾವಿತ್ರ್ಯಕ್ಕೆ ಕುಂದು ಬಾರದಂತೆ ನಡೆಸಿಕೊಡಬೇಕು. ಸಂರಕ್ಷಣೆಯ ಕೆಲಸ ಮೊದಲಾಗಬೇಕಾದದ್ದು ಅಲ್ಲಿಂದಲೇ.